ಹೈಪೋ ಕಮ್ಮಿ, ಹೈಪರ್ ಜಾಸ್ತಿ, ಅಷ್ಟೇ ಕಣ್ರೀ!

ನರ್ಸಿಂಗ್ ಕೋಚಿಂಗ್ ಕ್ಲಾಸಿನ ಮೊದಲ ದಿನದ ಮಹಾವಾಕ್ಯ ಇದು: ಹೈಪೋ ಅಂದರೆ ಕಮ್ಮಿ, ಹೈಪರ್ ಅಂದರೆ ಜಾಸ್ತಿ. ಇದೊಂದು ಬಂದರೆ ನೂರು ಪದ ಬಂದಂತೆ ಎಂದು ಮೇಷ್ಟ್ರ ಅಭಯ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದ ಹುಡುಗಿ ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಹೈಪೋ, ಬಲಕ್ಕೆ ಹೈಪರ್ ಬರೆದು ಉರು ಹೊಡೆಯುತ್ತಾಳೆ. ಪರೀಕ್ಷೆಯಲ್ಲಿ ಪಾಸೂ ಆಗುತ್ತಾಳೆ. ಎಡವಟ್ಟು ಶುರುವಾಗುವುದು ವಾರ್ಡಿನಲ್ಲಿ.

ಪೂರ್ತಿ ವಿರುದ್ಧ ಅರ್ಥದ ಎರಡು ಪದಗಳಿಗೆ ಬಾಲದಲ್ಲಷ್ಟೇ ವ್ಯತ್ಯಾಸ ಇಟ್ಟು ಹೋದ ಗ್ರೀಕರಿಗೆ, ರಾತ್ರಿ ಎರಡು ಗಂಟೆಯ ಫೋನಿನ ಕರಕರ ಗೊತ್ತಿರಲಿಲ್ಲ. "ಸರ್, ಮೂರನೇ ಬೆಡ್ ಹೈಪೊ...ಕೆಲೀಮಿಯಾ." ಕೆಲೀಮಿಯಾ ಅಂದರೆ ರಕ್ತದ ಪೊಟ್ಯಾಸಿಯಂ ಮಟ್ಟ. ಹೈಪೋ ಆದರೆ ಅದು ಲೀಟರಿಗೆ 3.5 ಮಿಲಿಮೋಲ್‌ಗಿಂತ ಕೆಳಗಿದೆ, ಪೊಟ್ಯಾಸಿಯಂ ಕೊಡಬೇಕು. ಹೈಪರ್ ಆಗಿ 5.5 ದಾಟಿದ್ದರೆ, ಕೊಟ್ಟಾಗ ಹೃದಯವೇ ನಿಲ್ಲಬಹುದು. ಜೊತೆಗೆ ಹೈಪೋಕ್ಯಾಲ್ಸೀಮಿಯಾ ಎಂಬ ದಾಯಾದಿ ಬೇರೆ. ಅದು ಕ್ಯಾಲ್ಸಿಯಂ ಕಥೆ. "ಪೊಟ್ಯಾಸಿಯಂ ಎರಡು ಪಾಯಿಂಟ್ ಒಂಬತ್ತು" ಎಂದುಬಿಟ್ಟರೆ ಗೊಂದಲಕ್ಕೆ ಜಾಗವೇ ಇಲ್ಲ. ಆದರೆ ಅಷ್ಟು ಸರಳವಾಗಿ ಮಾತಾಡಿದರೆ ವೈದ್ಯಕೀಯದ ಗತ್ತು ಏನಾಗಬೇಕು?

ಇನ್ನು ಥೈರಾಯ್ಡ್. ಡಾಕ್ಟ್ರು "ಹೈಪೋ" ಅಂದರು. ಲ್ಯಾಬಿನ ಚೀಟಿಯಲ್ಲಿ ಟಿಎಸ್‌ಎಚ್ 12, ಪಕ್ಕದಲ್ಲಿ ದಪ್ಪಗೆ 'ಹೈ'. ಯಾರನ್ನು ನಂಬುವುದು? ಇಬ್ಬರೂ ಸರಿಯೇ. ಟಿಎಸ್‌ಎಚ್ ಥೈರಾಯ್ಡಿನದಲ್ಲ, ಅದನ್ನು ಕೆಲಸಕ್ಕೆ ಎಬ್ಬಿಸಲು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹಾಕುವ ಕೂಗು. ಥೈರಾಯ್ಡ್ ಸೋಮಾರಿಯಾದಷ್ಟೂ ಕೂಗು ಜೋರು. ಇದನ್ನು ಬಿಡಿಸಿ ಹೇಳಲು ಎರಡು ನಿಮಿಷ ಸಾಕು, ಆದರೆ ಓಪಿಡಿಯಲ್ಲಿ ಮುಂದಿನ ಟೋಕನ್ ಕೂಗಿಯಾಗಿದೆ. ರೋಗಿ ಮನೆಗೆ ಹೋಗಿ, "ಹೈ ಇದೆಯಲ್ಲ" ಎಂದು ತಾನೇ ಮಾತ್ರೆ ಅರ್ಧ ಮಾಡುತ್ತಾನೆ. ಮುಂದಿನ ಸಲ ಟಿಎಸ್‌ಎಚ್ ಇನ್ನೂ ಮೇಲೇರಿ ಕೂತಿರುತ್ತದೆ.

ಹೈಪರ್‌ಟೆನ್ಷನ್, ಅಂದರೆ ಏರಿದ ರಕ್ತದೊತ್ತಡದ್ದು, ಇನ್ನೊಂದು ರಗಳೆ. "ನಂಗ್ಯಾವ ಟೆನ್ಷನ್ ಡಾಕ್ಟ್ರೇ, ಮಗಳ ಮದುವೆನೂ ಆಯ್ತು, ಸಾಲನೂ ತೀರ್ತು" ಎನ್ನುವ ಯಜಮಾನರ ಬಿ.ಪಿ. 170/100. ಟೆನ್ಷನ್ ಇಲ್ಲದವರಿಗೆ ಮಾತ್ರೆ ಯಾಕೆ ಎಂದು ನಿಲ್ಲಿಸಿಯೂ ಬಿಡುತ್ತಾರೆ.

ನಿಜವಾಗಿ ಹೆದರಬೇಕಾದದ್ದು ಸಕ್ಕರೆಯ ಹೈಪೋಗೆ. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ, ಬೆವರು, ಕೈ ನಡುಕ, ತೊದಲು. ಎಚ್ಚರವಿದ್ದರೆ ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ. ಡಿಸ್‌ಚಾರ್ಜ್ ಚೀಟಿಯಲ್ಲಿ ಇದರ ಬದಲು "ಹೈಪೋಗ್ಲೈಸೀಮಿಯಾ ಬಗ್ಗೆ ತಿಳಿಹೇಳಲಾಗಿದೆ" ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಅಜ್ಜಿಯ ಹೆಬ್ಬೆಟ್ಟು. ಮನೆಯಲ್ಲಿ ಅಜ್ಜಿ ಬೆವರಿದಾಗ ಸೊಸೆ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೇರಿಸುತ್ತಾಳೆ: "ಶುಗರ್ ಪೇಷೆಂಟಿಗೆ ಸಕ್ಕರೆ ಕೊಡೋದಾ?"

ಮಹಾವಾಕ್ಯವಾದರೂ ಎಲ್ಲ ಕಡೆ ನಿಲ್ಲುತ್ತದೆಯೇ? ಹೈಪೋಡರ್ಮಿಕ್ ಸೂಜಿಯಲ್ಲಿ ಚರ್ಮವೇನೂ ಕಮ್ಮಿ ಇಲ್ಲ. ಅಲ್ಲಿ ಹೈಪೋ ಅಂದರೆ ಕೆಳಗೆ, ಡರ್ಮಿಕ್ ಅಂದರೆ ಚರ್ಮದ್ದು. ಪಕ್ಕೆಲುಬಿನ ಮೃದ್ವಸ್ಥಿಯ ಕೆಳಗಿನ ಜಾಗ ಹೈಪೋಕಾಂಡ್ರಿಯಂ. "ಬಲ ಹೈಪೋಕಾಂಡ್ರಿಯಂನಲ್ಲಿ ನೋವು" ಎಂಬ ಚೀಟಿ ಹಿಡಿದು ಮೊಬೈಲಿನಲ್ಲಿ ಹುಡುಕಿದವರಿಗೆ ಮೊದಲು ಎದುರಾಗುವುದು ಹೈಪೋಕಾಂಡ್ರಿಯಾ: ಇಲ್ಲದ ಕಾಯಿಲೆ ಇದೆಯೆಂಬ ಭಯ. "ಏನು, ನಾನು ನಾಟಕ ಆಡ್ತಿದೀನಾ?" ಎಂದು ರೇಗಿ ಸ್ಕ್ಯಾನಿಂಗಿಗೆ ಹೋಗದೆ ಮನೆಗೆ ಬಂದವರು, ರಾತ್ರಿ ಬಜ್ಜಿ ತಿಂದ ಮೇಲೆ ಪಿತ್ತಕೋಶದ ಕಲ್ಲಿನ ಕೈಯಲ್ಲಿ ಸಿಕ್ಕಿಬೀಳುತ್ತಾರೆ.