ಬೊಗಳೋ ನಾಯಿಗೂ ಕ್ಲಾಸಲ್ಲಿ ಒಂದು ಜಾಗ ಇರ್ಲಿ

ಭಾನುವಾರ ಬೆಳಿಗ್ಗೆ ನಾಯಿ ಕರ್ಕೊಂಡು ಟ್ರೇನಿಂಗ್ ಕ್ಲಾಸಿಗೆ ಹೋಗಿ, ಗೇಟ್ ದಾಟಿದ ಕೂಡ್ಲೇ ನಿಮ್ಮ ನಾಯಿ ಒಂದೇ ಸಮ ಬೊಗಳೋಕೆ ಶುರು ಮಾಡಿ, ಉಳಿದ ಏಳೆಂಟು ನಾಯಿ ಸುಮ್ನೆ ಕೂತಿರೋವಾಗ ಮೈದಾನದಲ್ಲಿದ್ದವ್ರೆಲ್ಲ ತಿರುಗಿ ನಿಮ್ಮ ಮುಖ ನೋಡಿದ್ದು ಯಾರಿಗಾದ್ರೂ ನೆನಪಿದ್ರೆ, ಇದನ್ನ ಅವ್ರಿಗೇ ಬರೀತಾ ಇದೀನಿ. ನನಗೆ ಹಾಗೆ ಆದ ದಿನ ಮನೆಗೆ ಬಂದು ಅತ್ತಿದ್ದೆ.

ನಮ್ಮ ಕೆಂಚ ಜಾತಿ ನಾಯಿ ಅಲ್ಲ, ಶಿರಸಿ ಹತ್ರ ನನ್ನ ತವರುಮನೆ ಕೊಟ್ಟಿಗೇಲಿ ಹುಟ್ಟಿದ ಊರುನಾಯಿ. ಹುಟ್ಟಿದ್ದು ಮೇ ಕೊನೇಲಿ. ನಾಯಿಮರಿಗೆ ಮೂರನೇ ವಾರದಿಂದ ಸುಮಾರು ಹದಿಮೂರ್ನಾಲ್ಕನೇ ವಾರದ ತನಕ ಕಂಡಿದ್ದೆಲ್ಲ "ಇದೂ ನಮ್ಮ ಲೋಕದ್ದೇ" ಅಂತ ಮನಸ್ಸಿಗೆ ಇಳಿಯೋ ಕಾಲ, ಆಮೇಲೆ ಆ ಬಾಗಿಲು ನಿಧಾನಕ್ಕೆ ಮುಚ್ತಾ ಹೋಗುತ್ತೆ. ಕೆಂಚಂಗೆ ಆ ಅಷ್ಟೂ ವಾರ ಮಳೆ. ನಮ್ಮ ಕಡೆ ಜೂನ್ ಜುಲೈ ಹೇಗಿರುತ್ತೆ ಅಂತ ಗೊತ್ತಲ್ಲ, ಮನುಷ್ಯರೇ ಅಂಗಳಕ್ಕೆ ಇಳಿಯೋದು ಕಷ್ಟ, ತೋಟದ ಒಂಟಿ ಮನೆ ಬೇರೆ, ಪಕ್ಕದ ಮನೆ ಅಂದ್ರೆ ಒಂದು ಗುಡ್ಡ ಹತ್ತಿ ಇಳೀಬೇಕು. ಅವ್ನಮ್ಮನ್ನ ಬಿಟ್ರೆ ಇನ್ನೊಂದು ದೊಡ್ಡ ನಾಯೀನ ಅವನು ನೋಡ್ಲೇ ಇಲ್ಲ. ಸೆಪ್ಟೆಂಬರಲ್ಲಿ ಕಾರವಾರಕ್ಕೆ ಕರ್ಕೊಂಡು ಬಂದ್ವಿ. ಇಲ್ಲಿ ಬೀದಿ ತುಂಬ ನಾಯಿ, ಬೀಚ್ ತುಂಬ ನಾಯಿ, ಮೀನು ಮಾರ್ಕೆಟ್ ಹತ್ರ ಕೇಳೋದೇ ಬೇಡ. ಪ್ರತಿ ನಾಯಿ ಕಂಡಾಗ್ಲೂ ಅವನಿಗೆ ಹಬ್ಬ, ಹತ್ರ ಹೋಗೋಕೆ ಬಿಡದೆ ಇದ್ರೆ ರಂಪ.

ಅದಕ್ಕೇ ಕ್ಲಾಸಿಗೆ ಸೇರಿಸಿದ್ದು. ಯಾವ ಕ್ಲಾಸು ಅಂತ ಹೇಳಲ್ಲ, ಅದು ಇಲ್ಲಿ ಮುಖ್ಯ ಅಲ್ಲ. ಅಲ್ಲಿ ನಾಯಿಗಳನ್ನೆಲ್ಲ ಸಾಲಾಗಿ ಮೂರ್ನಾಲ್ಕು ಹೆಜ್ಜೆ ಅಂತರದಲ್ಲಿ ನಿಲ್ಲಿಸೋರು. ಕೆಂಚ ಬೊಗಳಿದ, ನಾನು ಸುಮ್ನಿರೋ ಸುಮ್ನಿರೋ ಅಂತ ಕೂಗಿದೆ, ಅವನು ಇನ್ನೂ ಜೋರು ಮಾಡಿದ. ಟ್ರೇನರ್ ಬಂದು ಕುತ್ತಿಗೆಗೆ ಚೋಕ್ ಚೈನ್, ಅಂದ್ರೆ ಎಳೆದ್ರೆ ಬಿಗಿಯೋ ಸರಪಳಿ, ಹಾಕಿ ಒಂದು ಜರ್ಕ್ ಕೊಟ್ರು. ಕೆಂಚ ಕೆಮ್ಮಿದ, ಬಾಲ ಹೊಟ್ಟೆ ಕೆಳಗೆ ಹೋಯ್ತು, ಸದ್ದು ನಿಂತೋಯ್ತು. ಸುತ್ತ ಇದ್ದವ್ರು "ನೋಡಿ, ಸರಿ ಹೋಯ್ತು" ಅಂದ್ರು. ನನಗೂ ಆ ಕ್ಷಣ ಹಾಗೇ ಅನ್ಸಿತ್ತು, ಸುಳ್ಳು ಹೇಳಲ್ಲ. ಮುಂದಿನ ಭಾನುವಾರ ಮೈದಾನದ ತಿರುವು ಬರ್ತಿದ್ದ ಹಾಗೇ ಕಾರಲ್ಲೇ ಬೊಗಳೋಕೆ ಶುರು ಮಾಡಿದ, ಮತ್ತೆ ಈ ಸಲದ ದನೀನೇ ಬೇರೆ. ಮೊದ್ಲು ಆಟಕ್ಕೆ ಕರೆಯೋ ದನಿ ಇತ್ತು, ಈಗ ಒರಟು. ಮೂರನೇ ವಾರ, ಬೇರೆಯವ್ರಿಗೆ ತೊಂದ್ರೆ ಆಗ್ತಿದೆ, ಇವನು ಸ್ವಲ್ಪ ಶಾಂತ ಆದ್ಮೇಲೆ ಕರ್ಕೊಂಡು ಬನ್ನಿ ಅಂದ್ರು. ಶಾಂತ ಆಗ್ಲಿ ಅಂತಾನೇ ಅಲ್ವಾ ನಾವು ದುಡ್ಡು ಕೊಟ್ಟು ಬಂದಿದ್ದು?

ಗಂಟೆ ಹೊಡೆದ್ರೆ ನಾಯಿ ಬಾಯಲ್ಲಿ ಜೊಲ್ಲು ಬರೋ ಪಾವ್ಲೋವ್ ಪ್ರಯೋಗ ನಾವೆಲ್ಲ ಶಾಲೇಲಿ ಓದಿದ್ದೇ. ಇಲ್ಲಿ ಆಗಿದ್ದೂ ಅದೇ. ಇನ್ನೊಂದು ನಾಯಿ ಕಾಣುತ್ತೆ, ಮರುಕ್ಷಣ ಕುತ್ತಿಗೆ ನೋಯುತ್ತೆ. ನೋವು ಕೊಟ್ಟಿದ್ದು ಚೈನು ಅಂತ ನಮಗೆ ಗೊತ್ತು, ನಾಯಿ ಲೆಕ್ಕದಲ್ಲಿ ಎದುರಿಗಿರೋ ನಾಯೀನೇ ನೋವು. ಅಮೆರಿಕದಲ್ಲಿ ಪ್ರಾಣಿಗಳ ವರ್ತನೆ ಬಗ್ಗೆ ಕೆಲಸ ಮಾಡೋ ಪಶುವೈದ್ಯರ ಸಂಘ 2021ರಲ್ಲೇ ಸ್ಪಷ್ಟವಾಗಿ ಹೇಳಿದೆ, ಎಂಥ ನಾಯಿಗೇ ಆಗ್ಲಿ ಬಹುಮಾನ ಕೊಟ್ಟು ಕಲಿಸೋ ದಾರಿ ಮಾತ್ರ ಸಾಕು, ನೋವಿನ ಸಾಧನ ಬೇಡ ಅಂತ. ವೇಲ್ಸ್‌ನಲ್ಲಿ ಕರೆಂಟ್ ಶಾಕ್ ಕೊಡೋ ಕುತ್ತಿಗೆ ಪಟ್ಟಿ (ಶಾಕ್ ಕಾಲರ್) 2010ರಲ್ಲೇ ನಿಷೇಧ ಆಯ್ತು. ನಮ್ಮಲ್ಲಿ ಚೋಕ್ ಚೈನ್ ಇನ್ನೂ ಅಂಗಡೀಲಿ ಬಿಸ್ಕೆಟ್ ಪಕ್ಕದಲ್ಲೇ ನೇತಾಡ್ತಾ ಇರುತ್ತೆ.

ಆ ವಾರ ಆಯಿಗೆ, ಅಂದ್ರೆ ಅಮ್ಮಂಗೆ, ಫೋನ್ ಮಾಡಿ ಎಲ್ಲ ಹೇಳಿದೆ. ನಾಯಿ ಟ್ರೇನಿಂಗ್ ಅಂತ ಒಂದಿರುತ್ತೆ ಅನ್ನೋದೇ ಅವಳಿಗೆ ಹೊಸದು, ಆದ್ರೆ ಐವತ್ತು ವರ್ಷ ದನ ಕರ ಸಾಕಿದವಳು. "ತಂಗಿ, ಅದಕ್ಕೆ ಸಿಟ್ಟಲ್ದೆ. ಹೋಪಲೆ ಆಗ್ತಿಲ್ಲೆ ಹೇಳಿ ಕೂಗ್ತು. ಕಟ್ಟಿದ ಕರ ಅಬ್ಬೆ ಕಂಡಕೂಡ್ಲೆ ಕೂಗ್ತಿಲ್ಯ, ಹಾಂಗೇಯ. ಹಗ್ಗ ಜಗ್ಗಿದಷ್ಟೂ ಅದೂ ಜಗ್ತು" ಅಂದ್ಲು. ಅಂದ್ರೆ ಅದಕ್ಕೆ ಸಿಟ್ಟಲ್ಲ, ಹೋಗೋಕೆ ಆಗ್ತಿಲ್ಲ ಅಂತ ಕೂಗೋದು, ಕಟ್ಟಿದ ಕರು ತಾಯಿ ಕಂಡ ಕೂಡ್ಲೇ ಕೂಗೋ ಹಾಗೆ. ಅಷ್ಟು ದಿನ ಯೂಟ್ಯೂಬ್ ನೋಡಿ ಅರ್ಥ ಆಗದೆ ಇದ್ದಿದ್ದು ಅವಳ ಒಂದೇ ಮಾತಲ್ಲಿ ಅರ್ಥ ಆಯ್ತು ನನಗೆ.

ಈಗ ಹೋಗ್ತಿರೋ ಕ್ಲಾಸಿನ ಮೇಡಂ ಕೂಡ ಬೇರೆ ಮಾತಲ್ಲಿ ಅದನ್ನೇ ಹೇಳಿದ್ರು. ಮೊದಲ ದಿನ ನಾವು ಮೈದಾನದ ಒಳಗೇ ಹೋಗ್ಲಿಲ್ಲ. ಕಾಂಪೌಂಡ್ ಹೊರಗೆ ಒಂದು ಗೋಳಿಮರ ಇದೆ, ಅದ್ರ ಬುಡದಲ್ಲಿ ನಿಂತ್ವಿ, ಒಳಗಿನ ನಾಯಿಗಳು ಅಲ್ಲಿಂದ ಅರವತ್ತು ಹೆಜ್ಜೆ ದೂರ. ನಿಮ್ಮ ಕೆಲಸ ಇಷ್ಟೇ, ಕೆಂಚ ಇನ್ನೊಂದು ನಾಯಿ ನೋಡಿದ, ಬಾಯಿಗೆ ತಿಂಡಿ ಬಂತು, ನೋಡಿದ, ಬಂತು ಅಂದ್ರು. ಕೂತ್ಕೋ ಅನ್ನೋದಿಲ್ಲ, ಸುಮ್ನಿರು ಅನ್ನೋದಿಲ್ಲ. ತಿಂಡಿ ಅಂದ್ರೆ ಅಂಗಡಿ ಬಿಸ್ಕೆಟ್ ಸಾಲಲ್ಲ, ಅಂಥ ಹೊತ್ತಲ್ಲಿ ಅದನ್ನ ಮೂಸೂ ನೋಡಲ್ಲ. ನಮ್ಮನೇಲಿ ಮೀನು ಬೇಯಿಸಲ್ಲ, ಪಕ್ಕದ ಮನೆ ಅಕ್ಕ ಶನಿವಾರ ರಾತ್ರಿ ಸಿಗಡಿ ಸಿಪ್ಪೆ ಬಿಡಿಸಿ ಬರೀ ನೀರಲ್ಲಿ ಬೇಯಿಸಿ ಸಣ್ಣ ಸಣ್ಣ ತುಂಡು ಮಾಡಿ ಸ್ಟೀಲ್ ಡಬ್ಬೀಲಿ ಹಾಕಿ ಕೊಡ್ತಾರೆ. (ಒಣಮೀನು ಕೊಡಬೇಡಿ, ಉಪ್ಪು ವಿಪರೀತ.) ಆ ಡಬ್ಬಿ ಮುಚ್ಚಳದ ಸದ್ದಿಗೇ ಕೆಂಚನ ಕಿವಿ ತಿರುಗುತ್ತೆ.

ನಾನು ಕಲಿತಿದ್ರಲ್ಲಿ ದೊಡ್ಡದು ಅಂದ್ರೆ ಬೊಗಳೋಕೆ ಮುಂಚಿನ ಆ ಎರಡು ಸೆಕೆಂಡ್ ನೋಡೋದು. ತೆರೆದಿದ್ದ ಬಾಯಿ ಟಪ್ ಅಂತ ಮುಚ್ಚುತ್ತೆ, ತೇಕೋದು ನಿಲ್ಲುತ್ತೆ. ಕಿವಿ ಎರಡೂ ಮುಂದೆ. ಮೈ ಭಾರ ಎಲ್ಲ ಮುಂಗಾಲಿಗೆ ಬಂದು ಹಣೆ ಮೇಲೆ ಸಣ್ಣ ಗೆರೆ ಮೂಡುತ್ತೆ. ಆಗ ಬೆಲ್ಟು ಬಿಗಿ ಮಾಡದೆ ಸಡಿಲವಾಗೇ ಹಿಡ್ಕೊಂಡು ಸಿಗಡಿ ಮೂಗಿನ ಹತ್ರ ತಂದ್ರೆ ತಲೆ ತಿರುಗುತ್ತೆ, ಜೊತೆಗೆ ನಾವೂ ನಾಲ್ಕು ಹೆಜ್ಜೆ ಹಿಂದೆ ಹೋಗ್ಬೇಕು. ಆ ಎರಡು ಸೆಕೆಂಡ್ ತಪ್ಪಿ ಬೊಗಳೋಕೆ ಶುರುವಾಯ್ತಾ, ಆಮೇಲೆ ತಿಂಡಿ ಬೀಸೋದೂ ದಂಡ, ಬೈಯೋದೂ ದಂಡ. ನಾವು ಕೂಗಿದ್ರೆ ನಾವೂ ಜೊತೆಗೆ ಬೊಗಳ್ತಾ ಇದೀವಿ ಅಂತ್ಲೇ ಅವುಕ್ಕೆ ಅನ್ಸುತ್ತೆ ಅಂತ ನನ್ನ ಅನಿಸಿಕೆ. ಸುಮ್ನೆ ಹಿಂದೆ ತಿರುಗಿ ದೂರ ನಡೀಬೇಕು, ಅದು ಸೋಲಲ್ಲ.

ಇನ್ನೊಂದು ತಪ್ಪು ಅಂದ್ರೆ, ನಾವು ತಡವಾಗಿ ಹೋಗಿ ತುಂಬಿದ ಮೈದಾನಕ್ಕೆ ನುಗ್ಗೋದು. ಮದುವೆಮನೆಗೆ ಊಟದ ಹೊತ್ತಿಗೆ ಹೋದ ಹಾಗೆ, ಒಂದೇ ಸಲಕ್ಕೆ ಅಷ್ಟೂ ಮುಖ, ಅಷ್ಟೂ ಗಲಾಟೆ. ಈಗ ಕ್ಲಾಸಿಗೆ ಇಪ್ಪತ್ತು ನಿಮಿಷ ಮುಂಚೆ ಹೋಗ್ತೀವಿ. ಖಾಲಿ ಮೈದಾನದಲ್ಲಿ ಉದ್ದ ಹಗ್ಗ ಬಿಟ್ಟು ಅವನ ಪಾಡಿಗೆ ಮೂಸೋಕೆ ಬಿಡ್ತೀನಿ, ಮೂಸ್ತಾ ಮೂಸ್ತಾ ಅವನ ಉಸಿರೇ ನಿಧಾನ ಆಗೋದು ಕಾಣುತ್ತೆ. ಆಮೇಲೆ ಬೇರೆ ನಾಯಿಗಳು ಒಂದೊಂದಾಗಿ ಬರ್ತವೆ, ಒಂದೊಂದಕ್ಕೂ ಒಂದು ತುಂಡು ಸಿಗಡಿ. ಮೊದ್ಲೆಲ್ಲ ಸುಸ್ತಾಗ್ಲಿ ಅಂತ ಬೀಚಲ್ಲಿ ಚೆಂಡು ಎಸೆದು ಓಡಿಸಿ ಕರ್ಕೊಂಡು ಹೋಗ್ತಿದ್ದೆ. ತಪ್ಪು. ಮೈಗೆ ಸುಸ್ತಾದ್ರೂ ತಲೆ ಕಾದಿರುತ್ತೆ, ಅದೇ ಜೋಶಲ್ಲಿ ಕ್ಲಾಸಿಗೆ ಬಂದು ಇನ್ನೂ ಜಾಸ್ತಿ ಬೊಗಳ್ತಿದ್ದ. ನಮ್ಮ ಕರಾವಳಿ ಸೆಕೆ ಬೇರೆ. ಏಪ್ರಿಲ್ ಮೇನಲ್ಲಿ ಬೆಳಿಗ್ಗೆ ಏಳು ಗಂಟೆಗೇ ಬೆವರು ಇಳಿಯುತ್ತೆ, ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋಕೂ ಬರಲ್ಲ, ತೇಕೇ ತಂಪು ಮಾಡ್ಕೋಬೇಕು, ಗಾಳೀಲಿ ಇಷ್ಟು ತೇವ ಇದ್ರೆ ಅದೂ ಸರಿಯಾಗಿ ಆಗಲ್ಲ. ಹಾಗಾಗಿ ಹತ್ತು ನಿಮಿಷ ಕ್ಲಾಸು, ಐದು ನಿಮಿಷ ಕಾರಿನ ಹಿಂದೆ ನೆರಳಲ್ಲಿ ನೀರು ಕುಡ್ದು ಮಲಗೋದು. ನಿಲ್ಸಿದ ಕಾರು ಒಳ್ಳೇ ಪರದೆ ಕೂಡ, ನಾಯಿಗಳು ಕಾಣ್ಲಿಲ್ಲ ಅಂದ್ರೆ ಅರ್ಧ ಗಲಾಟೆ ಅಲ್ಲೇ ಕಮ್ಮಿ.

ಕ್ಲಾಸ್ ನಡೆಸೋರಿಗೆ ನಾನು ಕೈಮುಗಿದು ಕೇಳೋದು ಇಷ್ಟೇ, ದೂರ ಅನ್ನೋದು ನಾಯಿಗೆ ಕೊಡೋ ಶಿಕ್ಷೆ ಅಂತ ಅಂದ್ಕೋಬೇಡಿ, ಇಂಥ ನಾಯಿಗಳಿಗೆ ಅದೇ ಪಾಠ. ಮೈದಾನದ ಮೂಲೇಲಿ ಎರಡು ಕಂಬ ನೆಟ್ಟು ಒಂದು ತಾಡಪತ್ರಿ ಕಟ್ಟಿದ್ರೆ ಸಾಕು, ಅದ್ರ ಹಿಂದೆ ಒಂದು ನಾಯಿ ಆರಾಮಾಗಿ ಕಲಿಯುತ್ತೆ. ಸುಮ್ನೆ ಕೂರೋ ನಾಯಿಗಳನ್ನಷ್ಟೇ ಇಟ್ಕೊಂಡು, ಬೊಗಳೋದನ್ನ ಮನೆಗೆ ಕಳಿಸಿದ್ರೆ ಅದು ಎಲ್ಲಿ ಕಲೀಬೇಕು? ಹಾಗೆ ವಾಪಸ್ ಹೋದ ಎಷ್ಟೋ ನಾಯಿ ಆಮೇಲೆ ಜೀವನ ಪೂರ್ತಿ ಹಿತ್ಲಲ್ಲಿ ಸರಪಳಿಗೆ ಬಿದ್ದಿರ್ತವೆ, ಇದನ್ನ ನಾನೇ ಕಣ್ಣಾರೆ ನೋಡಿದೀನಿ, ನೋಡಿ ಹೊಟ್ಟೆ ಉರಿಯುತ್ತೆ. ಉಳಿದ ನಾಯಿಯವ್ರಿಗೂ ಒಂದು ಮಾತು, "ನಮ್ಮದು ಏನೂ ಮಾಡಲ್ಲ, ಹತ್ರ ಬಿಡಿ" ಅಂತ ಎದುರಿಗೇ ನಡ್ಕೊಂಡು ಬರಬೇಡಿ. ಸ್ವಲ್ಪ ಬಳಸಿ ಹೋಗಿ, ಅಷ್ಟೇ ಸಾಕು.

ಅರವತ್ತು ಹೆಜ್ಜೆಯಿಂದ ಇಪ್ಪತ್ತಕ್ಕೆ ಬರೋಕೆ ನಮಗೆ ನಾಲ್ಕು ತಿಂಗಳು ಹಿಡೀತು. ನಡುವೆ ಬೈಕಿನವನೊಬ್ಬ ಪಕ್ಕದಲ್ಲೇ ಜೋರಾಗಿ ಹಾರ್ನ್ ಹೊಡೆದು ಒಂದಿನ ಎಲ್ಲ ಕೆಟ್ಟು, ಮತ್ತೆ ಗೋಳಿಮರದ ಬುಡಕ್ಕೇ ಹೋದ್ವಿ. ಹೋದ ಭಾನುವಾರ ಒಂದು ಕಪ್ಪು ಲ್ಯಾಬ್ರಡಾರ್ ಹದಿನೈದು ಹೆಜ್ಜೆ ದೂರದಲ್ಲಿ ಹಾದು ಹೋಯ್ತು. ಕೆಂಚ ಅದನ್ನ ನೋಡಿದ, ಬಾಯಿ ಮುಚ್ಚಿದ, ನನ್ನ ಕೈ ಇನ್ನೂ ಡಬ್ಬೀಗೆ ಹೋಗಿರ್ಲಿಲ್ಲ, ಅಷ್ಟರಲ್ಲಿ ತಾನಾಗೇ ತಿರುಗಿ ನನ್ನ ಮುಖ ನೋಡಿದ.

ಕಾರವಾರ ಅಂಕೋಲಾ ಕಡೆಯವ್ರು ಯಾರ ಹತ್ರ ಆದ್ರೂ ಇಂಥ ನಾಯಿ ಇದ್ರೆ, ಬುಧವಾರ ಶುಕ್ರವಾರ ಬೆಳಿಗ್ಗೆ ಆರೂವರೆಗೆ ನಾವಿಬ್ರೂ ಟ್ಯಾಗೋರ್ ಬೀಚಲ್ಲಿ ಇರ್ತೀವಿ, ಚಾಪೆಲ್ ಯುದ್ಧನೌಕೆ ಇಟ್ಟಿದಾರಲ್ಲ ಅದ್ರ ಹತ್ರ. ಹತ್ರ ಬಂದು ಮಾತಾಡಿಸಬೇಕು ಅಂತಿಲ್ಲ. ಐವತ್ತು ಹೆಜ್ಜೆ ದೂರದಲ್ಲೇ ನಿಂತು ಕೈ ಎತ್ತಿ, ನಾನೂ ಎತ್ತುತೀನಿ, ನಿಮ್ಮ ನಾಯಿ ಕೆಂಚನ್ನ ನೋಡ್ತಾ ತಿಂಡಿ ತಿನ್ಲಿ, ಕೆಂಚ ನಿಮ್ಮದನ್ನ ನೋಡ್ತಾ ಸಿಗಡಿ ತಿಂತಾನೆ.