ಬಾಡದ ಹೂವಿನ ತಲೆನೋವು

ಈಸ್ಟರ್ ಸೋಮವಾರ ಕಳೆದು ಐದು ದಿನಗಳಾದವು. ಮೂರು ಸಲ ಸೀಗೇಕಾಯಿ ಹಾಕಿ ತೊಳೆದರೂ ನನ್ನ ತಲೆಯಿಂದ ಕಲೋನ್ ಎಂಬ ಸೆಂಟಿನ ವಾಸನೆ ಹೋಗಿಲ್ಲ. ಬೆಳಿಗ್ಗೆ ಫಿಲ್ಟರಿಗೆ ಬಿಸಿನೀರು ಹೊಯ್ಯಲು ಬಗ್ಗಿದರೆ, ಕಾಫಿಯ ಘಮಕ್ಕೆ ಮೊದಲು ಹಳೆಯ ಕಾಲದ ಕ್ಷೌರದಂಗಡಿಯ ಘಾಟು ಮೂಗಿಗೆ ಬಡಿಯುತ್ತದೆ. ಟ್ರಾಮಿನಲ್ಲಿ ಪಕ್ಕ ಕುಳಿತವರು ಒಮ್ಮೆ ಮೂಸಿ, ನನ್ನತ್ತ ತಿರುಗಿ ಮುಗುಳ್ನಗುತ್ತಾರೆ. ಬುಡಾಪೆಸ್ಟಿನಲ್ಲಿ ಆ ವಾಸನೆಯ ಅರ್ಥವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಈಸ್ಟರಿನ ಮರುದಿನ ಹಂಗೇರಿಯ ಗಂಡಸರು ಪರಿಚಯದ ಹೆಂಗಸರ ಮನೆಗಳಿಗೆ ಹೋಗಿ, ಪುಟ್ಟದೊಂದು ಪದ್ಯ ಹೇಳಿ, ಅವರಿಗೆ ನೀರು ಚಿಮುಕಿಸುವ ಪದ್ಧತಿಯಿದೆ. ಹೆಣ್ಣು ಹೂವಿದ್ದಂತೆ, ನೀರೆರೆಯದಿದ್ದರೆ ಬಾಡಿಹೋಗುತ್ತಾಳೆ ಎಂಬುದು ಅದರ ತರ್ಕ. ಹಳ್ಳಿಗಳಲ್ಲಿ ಬಾವಿಯಿಂದ ಸೇದಿದ ನೀರನ್ನು ಬಕೆಟ್ಟುಗಟ್ಟಲೆ ಸುರಿಯುತ್ತಿದ್ದರು. ಪಟ್ಟಣದ ಅಪಾರ್ಟ್‌ಮೆಂಟುಗಳಲ್ಲಿ ಆ ಬಕೆಟ್ಟಿನ ಜಾಗಕ್ಕೆ ಅಗ್ಗದ ಕಲೋನಿನ ಬಾಟಲಿ ಬಂದಿದೆ. ಎರಚಿಸಿಕೊಂಡವಳು ಸಿಟ್ಟಾಗುವಂತಿಲ್ಲ. ಬಂದವರಿಗೆ ಬಣ್ಣ ಹಾಕಿದ ಮೊಟ್ಟೆಯನ್ನು, ದೊಡ್ಡವರಾದರೆ ಜೊತೆಗೆ ಒಂದು ಗುಟುಕು ಪಾಲಿಂಕಾ ಎಂಬ ಹಣ್ಣಿನ ಮದ್ಯವನ್ನು ಕೊಟ್ಟು ಕಳುಹಿಸಬೇಕು.

ಇದೆಲ್ಲ ನನಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ಹೋದ ವರ್ಷ ಹೊಲ್ಲೋಕೋ ಎಂಬ ಹಳ್ಳಿಗೆ ಹೋಗಿ, ಜರತಾರಿ ಕಸೂತಿಯ ಲಂಗ ತೊಟ್ಟ ಹುಡುಗಿಯರು ತಣ್ಣೀರಿಗೆ ಕಿರುಚುವುದನ್ನು ನೋಡಿ, ಚಪ್ಪಾಳೆ ತಟ್ಟಿ ಬಂದಿದ್ದೆ. 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳ್ಳಿಯಾದ್ದರಿಂದ, ಆ ಪದ್ಧತಿಯೂ ಪರಂಪರೆಯ ಜೊತೆಗೆ ಅಲ್ಲಿಯೇ ಭದ್ರವಾಗಿರುತ್ತದೆಂದು ನಂಬಿದ್ದು ನನ್ನ ತಪ್ಪು.

ಸೋಮವಾರ ಬೆಳಿಗ್ಗೆ ಎಣ್ಣೆನೀರು ಹಾಕಿಕೊಂಡು, ತಲೆ ಆರಿಸಿ, ಬಾಚಿ ಮುಗಿಸುವಷ್ಟರಲ್ಲಿ ಕರೆಗಂಟೆ ಬಾರಿಸಿತು. ಬಾಗಿಲಲ್ಲಿ ಮೂರನೆಯ ಮಹಡಿಯ ಅಜ್ಜ ನಿಂತಿದ್ದರು. ವಯಸ್ಸಾದ ಗಂಡಸರನ್ನು ಇಲ್ಲಿ ‘ಬಾಚಿ’ ಎಂದು ಕರೆಯುತ್ತಾರೆ. ಆ ಪದ ಅಷ್ಟು ಸರಿಯಾದ ಹೊತ್ತಿಗೆ ಬಾಗಿಲಿಗೆ ಬಂದದ್ದನ್ನು ನಾನು ಶಕುನವೆಂದು ತಿಳಿಯಬೇಕಿತ್ತು. ಕೋಟು, ಟೈ, ಮಿರುಗುವ ಬೂಟುಗಳಲ್ಲಿದ್ದ ಬಾಚಿ ಗಂಟಲು ಸರಿಪಡಿಸಿಕೊಂಡು, ಸಂಧ್ಯಾವಂದನೆಯ ಗಾಂಭೀರ್ಯದಲ್ಲಿ ಪದ್ಯ ಆರಂಭಿಸಿದರು. ಹಸಿರು ಕಾಡಿನಲ್ಲಿ ನಡೆಯುತ್ತಿದ್ದೆ, ನೀಲಿ ಹೂವೊಂದನ್ನು ಕಂಡೆ, ಅದು ಬಾಡುವುದರಲ್ಲಿತ್ತು, ನೀರೆರೆಯಬಹುದೇ ಎಂಬುದು ಅದರ ಅರ್ಥವೆಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನನ್ನ ಕಿವಿಗೆ ಬಿದ್ದದ್ದು ಕೊನೆಯ ‘ಲೊಚೊಲ್ನಿ’ ಎಂಬ ಶಬ್ದವೊಂದೇ. ಹಲ್ಲಿ ಲೊಚಗುಟ್ಟಿದಾಗ ಅನ್ನುವಂತೆ ‘ಕೃಷ್ಣ ಕೃಷ್ಣ’ ಅಂದಿದ್ದರೂ ಬಚಾವಾಗುತ್ತಿದ್ದೆನೇನೋ. ಆದರೆ ನನ್ನ ಹಂಗೇರಿಯನ್ ಭಾಷಾಜ್ಞಾನದ ಮುಕ್ಕಾಲು ಪಾಲು ‘ಇಗೆನ್’, ಅಂದರೆ ‘ಹೌದು’ ಎಂಬ ಒಂದೇ ಪದದ ಮೇಲೆ ನಿಂತಿದೆ. ಅಂಗಡಿಯವರು ಏನು ಕೇಳಿದರೂ ಹಾಗೆಂದೇ ನಮ್ಮ ಅಡುಗೆಮನೆಯಲ್ಲಿ ಚೀಲಗಳ ಬೆಟ್ಟ ಬೆಳೆದಿದೆ. ಅಜ್ಜ ಪ್ರಶ್ನಾರ್ಥಕವಾಗಿ ನೋಡಿದರು. ನಾನು ನಗುಮೊಗದಿಂದ, ಸ್ಪಷ್ಟ ಉಚ್ಚಾರಣೆಯಲ್ಲಿ, ‘ಇಗೆನ್’ ಎಂದೆ.

ಚಿಮುಕಿಸುವುದೆಂದರೆ ಎರಡು ಹನಿ ಎಂದು ನೀವು ಭಾವಿಸಿದ್ದರೆ, ಅಜ್ಜನ ಕೈ ನಡುಗುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬೈತಲೆಯ ನಡುವಿನಿಂದ ಇಳಿದ ಕಲೋನು ಹಣೆಯ ಕುಂಕುಮವನ್ನೂ ಕರೆದುಕೊಂಡು ಮೂಗಿನ ತುದಿಯವರೆಗೆ ಬಂತು. ನಾನು ಕಣ್ಣುಜ್ಜಿಕೊಂಡು ನೋಡಿದರೆ, ಅಜ್ಜ ಕೈಯಲ್ಲಿ ಬುಟ್ಟಿ ಹಿಡಿದು ವಿನಯದಿಂದ ಕಾಯುತ್ತಿದ್ದಾರೆ. ನಮ್ಮದು ಮೊಟ್ಟೆಯೂ ಬಾರದ ಮನೆ. ಅಂದು ಸರ್ಕಾರಿ ರಜೆಯಾದ್ದರಿಂದ ಅಂಗಡಿಗಳೂ ಮುಚ್ಚಿದ್ದವು. ಕೊನೆಗೆ ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ ತುಂಬಿಸಿ ಕೊಟ್ಟೆ. ಅಜ್ಜ ಒಂದನ್ನು ತೆಗೆದು, ಹಿಂದೆ ಮುಂದೆ ನೋಡಿ, ಯಾವ ಹಕ್ಕಿಯ ಮೊಟ್ಟೆಯಿರಬಹುದೆಂಬ ಪ್ರಶ್ನೆಯನ್ನು ಸಭ್ಯತೆಯಿಂದ ನುಂಗಿಕೊಂಡರು.

ನಮ್ಮ ಯಜಮಾನರು ಒಳಗಿನಿಂದ ಇದನ್ನೆಲ್ಲ ನೋಡಿ ಆನಂದಿಸುತ್ತಿದ್ದರು. ಮದುವೆಯಾದಂದಿನಿಂದ ಒಂದು ಶ್ಲೋಕ ಬಾಯಿಪಾಠ ಮಾಡದವರು, ಆ ಪದ್ಯವನ್ನು ಹತ್ತು ನಿಮಿಷದಲ್ಲಿ ಕಲಿತು, ನನ್ನದೇ ಸೆಂಟಿನ ಬಾಟಲಿ ಹಿಡಿದು ಹೊರಟರು. ಸಂಜೆ ಆರು ಚಾಕೊಲೇಟ್ ಮೊಟ್ಟೆಗಳೊಂದಿಗೆ ಮರಳಿದರು. ಒಳಗೆ ಎಷ್ಟು ಪಾಲಿಂಕಾ ಇತ್ತೆಂಬುದನ್ನು ಅವರು ಮೆಟ್ಟಿಲು ಹತ್ತಿದ ರೀತಿಯೇ ಹೇಳುತ್ತಿತ್ತು.

ನೆರೆಯ ದೇಶಗಳಿಗೆ ಹೋಗಿದ್ದರೂ ನನಗೆ ಬಿಡುಗಡೆಯಿರಲಿಲ್ಲ. ಸ್ಲೋವಾಕಿಯಾದಲ್ಲೂ ಇದೇ ನೀರು. ಪೋಲೆಂಡಿನಲ್ಲಿ ‘ಶ್ಮಿಗುಸ್ ಡಿಂಗುಸ್’ ಎಂಬ ಹೆಸರಿನಲ್ಲಿ ಬೀದಿಯವರೆಲ್ಲ ಒದ್ದೆ. ಝೆಕ್ ನಾಡಿನಲ್ಲಂತೂ ಹೆಣೆದ ವಿಲೋ ಮರದ ಬರಲಿನಿಂದ ಹುಡುಗಿಯರ ಕಾಲಿಗೆ ಏಟು. ಏಟು ತಿಂದವಳೇ ಮೊಟ್ಟೆ ಕೊಡಬೇಕಂತೆ! ಬಾಗಲಕೋಟೆ ಕಡೆಯ ನಮ್ಮೂರಿನ ಓಕುಳಿಯಲ್ಲಿ ಗಂಡಸರು ನೀರೆರಚಿದರೆ, ಹೆಂಗಸರು ಹಸಿ ಬಟ್ಟೆಯನ್ನು ಹುರಿಮಾಡಿ ಬೆನ್ನಿಗೆ ಬಾರಿಸುತ್ತಾರೆ. ಸೋದರತ್ತೆಯ ಏಟಿಗೆ ಮಾವಂದಿರು ಹೊಂಡಕ್ಕೆ ಹಾರುತ್ತಿದ್ದದ್ದು ನೆನಪಾಗಿ, ಒದ್ದೆ ಟವಲ್ ಹಿಡಿದೇ ಸ್ವಲ್ಪ ಹೊತ್ತು ಕಿಟಕಿಯ ಬಳಿ ನಿಂತಿದ್ದೆ.

ಎದುರುಮನೆಯಾಕೆ ಹೇಳಿದ ಮೇಲೆ ಸಿಟ್ಟು ಅರ್ಧ ಇಳಿಯಿತು. ಅಜ್ಜ ಮೊದಲೆಲ್ಲ ಈ ಕಟ್ಟಡದ ಪ್ರತಿ ಬಾಗಿಲಿಗೂ ಹೋಗುತ್ತಿದ್ದರಂತೆ. ಹೆಂಡತಿ ತೀರಿಕೊಂಡಿದ್ದಾರೆ, ಹಳೆಯ ನೆರೆಯವರಲ್ಲಿ ಹಲವರು ಮಕ್ಕಳ ಮನೆ ಸೇರಿದ್ದಾರೆ. ಈ ಸಲ ಅವರು ಬಟ್ಟೆ ಇಸ್ತ್ರಿ ಮಾಡಿಕೊಂಡು ಇಳಿದು ಬಂದದ್ದು ಎರಡೇ ಮನೆಗಳಿಗೆ.

ನಿನ್ನೆ ಸಂಜೆ ಡಬ್ಬಿ ಮರಳಿ ಬಂತು. ಕೊಟ್ಟ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂಬ ನಮ್ಮೂರಿನ ನಿಯಮವನ್ನು ಅಜ್ಜನಿಗೆ ಯಾರು ಕಲಿಸಿದರೋ ತಿಳಿಯದು. ಮುಚ್ಚಳ ತೆಗೆದರೆ, ಒಳಗೆ ಪೇಪರ್ ನ್ಯಾಪ್ಕಿನ್ ಸುತ್ತಿದ, ಇನ್ನೂ ಮುಕ್ಕಾಲು ತುಂಬಿದ್ದ, ಅದೇ ಕಲೋನಿನ ಬಾಟಲಿ.