ನಿನಗ್ಯಾಕೆ ಊರ ಉಸಾಬರಿ?

2025ರ ಆಗಸ್ಟ್ 3, ಭಾನುವಾರ. ಸಿಡ್ನಿಯಲ್ಲಿ ಜಡಿಮಳೆ. ಗಾಜಾದಲ್ಲಿ ಹಸಿದು ಸಾಯುತ್ತಿದ್ದವರ ಪರವಾಗಿ ಹಾರ್ಬರ್ ಬ್ರಿಡ್ಜ್ ಮೇಲೆ ಮೆರವಣಿಗೆ. ನಾನೂ ನನ್ನ ಹೆಂಡತಿಯೂ ಒಂದೇ ಕೊಡೆಯಡಿ ನಡೆದೆವು. ಪೊಲೀಸರ ಲೆಕ್ಕದಲ್ಲೇ 90 ಸಾವಿರ ಜನ. ಒಂದು ಫೋಟೋ ಫೇಸ್‌ಬುಕ್ಕಿಗೆ ಹಾಕಿದೆ. ಮಾರನೆಯ ದಿನ ಆಫೀಸಿನಲ್ಲಿ ಮ್ಯಾನೇಜರ್ "ಚೆನ್ನಾಗಿ ನೆಂದಿರಬೇಕಲ್ಲ ನೀವು" ಅಂದ, ಕಾಫಿ ತಗೊಂಡು ತನ್ನ ಕೋಣೆಗೆ ಹೋದ. ಅಷ್ಟೇ.

ಸಂಜೆ ಮೈಸೂರಿನಿಂದ ಅಣ್ಣನ ಫೋನು. "ಆ ಫೋಟೋ ತೆಗೆದುಬಿಡೋ. ಮಗಳಿಗೆ ಗಂಡು ನೋಡ್ತಾ ಇದೀವಿ, ಜಾತಕ ಕೂಡಿ ಬಂದಿದೆ. ಹುಡುಗನ ಕಡೆಯವರು ಫೇಸ್‌ಬುಕ್ ಎಲ್ಲ ಜಾಲಾಡ್ತಾರೆ. ಅಲ್ಲ, ನಿನಗ್ಯಾಕೋ ಊರ ಉಸಾಬರಿ?"

ಆಸ್ಟ್ರೇಲಿಯಾದಲ್ಲಿ ಮಾತಾಡುವುದು ಪುಕ್ಕಟೆ ಅಂತ ನಾನು ಹೇಳುತ್ತಿಲ್ಲ. ಆಂಟೊನೆಟ್ ಲಟೂಫ್ ಎಂಬ ಪತ್ರಕರ್ತೆಯ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. 2023ರ ಡಿಸೆಂಬರ್‌ನಲ್ಲಿ ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿ ರೇಡಿಯೋದಲ್ಲಿ ಐದು ದಿನದ ಬದಲಿ ಕೆಲಸಕ್ಕೆ ಬಂದಾಕೆ. ಇಸ್ರೇಲ್ ಹಸಿವನ್ನೇ ಆಯುಧ ಮಾಡಿಕೊಂಡಿದೆ ಎಂಬ ಹ್ಯೂಮನ್ ರೈಟ್ಸ್ ವಾಚ್ ಪೋಸ್ಟನ್ನು ಇನ್‌ಸ್ಟಾಗ್ರಾಂನಲ್ಲಿ ಹಂಚಿಕೊಂಡಳು. ಆ ಸುದ್ದಿಯನ್ನು ಎಬಿಸಿಯೇ ಬಿತ್ತರಿಸಿತ್ತು! ಅಷ್ಟರಲ್ಲಿ ವಕೀಲರ ಒಂದು ವಾಟ್ಸಾಪ್ ಗುಂಪು ಆಕೆಯ ವಿರುದ್ಧ ದೂರಿನ ಮೇಲೆ ದೂರು ಕಳಿಸುತ್ತಿತ್ತು. ಮೂರನೇ ದಿನಕ್ಕೆ ಮನೆಗೆ ಹೋಗಮ್ಮಾ ಅಂದರು. ಆಕೆ ಸುಮ್ಮನಾಗಲಿಲ್ಲ, ಕೋರ್ಟಿಗೆ ಹೋದಳು. 2025ರ ಜೂನ್‌ನಲ್ಲಿ ಫೆಡರಲ್ ಕೋರ್ಟು, ರಾಜಕೀಯ ಅಭಿಪ್ರಾಯದ ಕಾರಣಕ್ಕೂ ತೆಗೆದಿದ್ದೀರಿ, ಅದು ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. 70 ಸಾವಿರ ಡಾಲರ್ ಪರಿಹಾರ, ಆಮೇಲೆ ಒಂದೂವರೆ ಲಕ್ಷ ದಂಡ. ವಕೀಲರಿಗೆ ಅಂತ ಎಬಿಸಿ ಸುರಿದದ್ದು 20 ಲಕ್ಷ ಡಾಲರಿಗೂ ಮೇಲೆ. ಅದರಲ್ಲಿ ನನ್ನ ತೆರಿಗೆಯೂ ಸೇರಿದೆ, ಆ ಸಂಕಟ ಬೇರೆ.

ನನಗೆ ಕಾಣುವ ವ್ಯತ್ಯಾಸ ಇದೇ. ಇಲ್ಲಿ ದಂಡ ವಸೂಲಿ ಮಾಡುವವರು ರಸೀದಿ ಕೊಡುತ್ತಾರೆ. ಯಾರು ಕಿತ್ತರು, ಯಾವ ಇಮೇಲ್‌ನಲ್ಲಿ ಏನು ಬರೆದರು, ಎಲ್ಲ ಕೋರ್ಟಿನಲ್ಲಿ ಹೊರಬೀಳುತ್ತದೆ. ನಮ್ಮ ಮೆರವಣಿಗೆ ಬೇಡವೆಂದು ಪೊಲೀಸರೂ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಹಿಂದಿನ ದಿನ ಶನಿವಾರ ನ್ಯಾಯಾಧೀಶೆ ಅವರ ಅರ್ಜಿ ತಳ್ಳಿಹಾಕಿದರು. ಮರುದಿನ ಅದೇ ಪೊಲೀಸರು ನಮಗೆ ದಾರಿ ಮಾಡಿಕೊಟ್ಟರು. ಬೆಂಗಳೂರಿನಲ್ಲಾದರೆ? ಏನೇ ಕೂಗುವುದಿದ್ದರೂ ಫ್ರೀಡಂ ಪಾರ್ಕಿನೊಳಗೆ ಕೂಗಿಕೊಳ್ಳಿ. ಹಳೇ ಸೆಂಟ್ರಲ್ ಜೈಲಿನ ಜಾಗ, ಹೆಸರು ಮಾತ್ರ ಫ್ರೀಡಂ.

2023ರ ಅಕ್ಟೋಬರ್‌ನಲ್ಲಿ ಹೊಸಪೇಟೆಯ ಹುಡುಗನೊಬ್ಬನನ್ನು ಪ್ಯಾಲೆಸ್ತೀನ್ ಪರವಾದ ಒಂದು ವಾಟ್ಸಾಪ್ ಸ್ಟೇಟಸ್‌ಗಾಗಿ ಪೊಲೀಸರು ಹಿಡಿದೊಯ್ದಿದ್ದರು. ಮರುವರ್ಷ ಮೇ ತಿಂಗಳಲ್ಲಿ ಮುಂಬೈನ ಶಾಲೆಯೊಂದರ ಪ್ರಾಂಶುಪಾಲೆ, ಪ್ಯಾಲೆಸ್ತೀನ್ ಪರ ಪೋಸ್ಟುಗಳಿಗೆ ಲೈಕ್ ಒತ್ತಿದ್ದಕ್ಕೆ ಕೆಲಸ ಕಳೆದುಕೊಂಡರು. ಇವೆಲ್ಲ ಪೇಪರಿನಲ್ಲಿ ಬಂದವು. ಬಾರದೆ ಇರುವುದೇ ಜಾಸ್ತಿ, ಅದರ ರುಚಿ ನನಗೆ ಇಲ್ಲೇ ಸಿಕ್ಕಿತು. ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಮೈಕ್ ಹಿಡಿಯುವುದು ಎಷ್ಟೋ ಕಾಲದಿಂದ ನನ್ನ ಪಾಲಿಗೆ ಬಂದ ಕೆಲಸ. ಆ ವರ್ಷ ಸಮಿತಿಯವರೊಬ್ಬರು ಫೋನ್ ಮಾಡಿ, "ಸಾರ್, ಹೊಸಬರಿಗೂ ಅವಕಾಶ ಕೊಡೋಣ ಅಂತ" ಅಂದರು. ಮೆರವಣಿಗೆಯ ಸುದ್ದಿ ಎತ್ತಲೇ ಇಲ್ಲ. ಮನೆಯವರೆಲ್ಲ ಕ್ಷೇಮವಾ, ಊರಿಗೆ ಯಾವಾಗ ಹೋಗ್ತೀರಿ ಅಂತೆಲ್ಲ ವಿಚಾರಿಸಿಕೊಂಡರು. ಕಾರ್ಯಕ್ರಮದ ದಿನ ಅವರೇ ಕೈಹಿಡಿದು ಊಟದ ಸಾಲಿಗೆ ಕರೆದುಕೊಂಡು ಹೋಗಿ ಹೋಳಿಗೆ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿದರು. ಇದಕ್ಕೆ ಯಾವ ಕೋರ್ಟಿಗೆ ಹೋಗಲಿ?

ಇದೇ ಜನಕ್ಕೆ ಆಸ್ಟ್ರೇಲಿಯಾದ ಕ್ರಿಕೆಟಿಗ ಉಸ್ಮಾನ್ ಖವಾಜಾ ಬ್ಯಾಟಿಂಗ್ ಅಂದರೆ ಪ್ರಾಣ. 2023ರ ಡಿಸೆಂಬರ್‌ನಲ್ಲಿ ಪರ್ತ್ ಟೆಸ್ಟಿಗೆ ಮುಂಚೆ ಅವನು ಎಲ್ಲ ಜೀವಗಳೂ ಸಮಾನ ಅಂತ ಶೂ ಮೇಲೆ ಬರೆದುಕೊಂಡು ಬಂದ. ಐಸಿಸಿ ಬಿಡಲಿಲ್ಲ. ಬರಹದ ಮೇಲೆ ಟೇಪು ಸುತ್ತಿ, ತೋಳಿಗೆ ಕಪ್ಪುಪಟ್ಟಿ ಕಟ್ಟಿ ಆಡಿದ, ಅದಕ್ಕೂ ಛೀಮಾರಿ. ಪಾರಿವಾಳದ ಚಿತ್ರ ಕೇಳಿದ, ಅದೂ ಆಗಲ್ಲ ಅಂದರು. ಮೆಲ್ಬರ್ನ್‌ನಲ್ಲಿ ಕೊನೆಗೆ ತನ್ನ ಇಬ್ಬರು ಹೆಣ್ಣುಮಕ್ಕಳ ಹೆಸರು ಬರೆದ ಶೂ ಹಾಕಿಕೊಂಡು ಇಳಿದ. ಪೀಟರ್ ಲಾಲರ್ ಎಂಬ ಕ್ರಿಕೆಟ್ ವರದಿಗಾರನನ್ನು, 2025ರ ಫೆಬ್ರವರಿಯಲ್ಲಿ ಗಾಲ್‌ನಲ್ಲಿ ಸರಣಿ ನಡೆಯುತ್ತಿರುವಾಗಲೇ, ಗಾಜಾ ಕುರಿತ ಪೋಸ್ಟುಗಳಿಗಾಗಿ ರೇಡಿಯೋದವರು ಕೈಬಿಟ್ಟರು. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಆ ರೇಡಿಯೋಗೆ ಸಂದರ್ಶನ ಕೊಡಲು ಖವಾಜಾ ಒಲ್ಲೆ ಅಂದ. ನಮ್ಮ ಕೂಟದ ಹಿರಿಯರೊಬ್ಬರ ತೀರ್ಪು: "ಆಟಗಾರ ಆಟ ಆಡ್ಬೇಕಪ್ಪ." ಇವರೇ ಹಿಂದೆ ಇಂದಿರಾ ಗಾಂಧಿ ಜೊತೆ ಪ್ಯಾಲೆಸ್ತೀನಿನ ನಾಯಕ ಅರಾಫತ್ ಇದ್ದ ಫೋಟೋವನ್ನು ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದವರು. ಪ್ಯಾಲೆಸ್ತೀನನ್ನು ಭಾರತ 1988ರಲ್ಲೇ ಮಾನ್ಯ ಮಾಡಿದೆ. ಆಸ್ಟ್ರೇಲಿಯಾಕ್ಕೆ ಆ ಬುದ್ಧಿ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಅಷ್ಟು ಮುಂಚೆ ಮಾತಾಡಿದ ದೇಶದವರಿಗೆ ಈಗ ಲೈಕ್ ಒತ್ತಲೂ ಭಯ.

ಸರಿ, ಇಷ್ಟೆಲ್ಲ ಬರೆದ ಮೇಲೆ ಒಪ್ಪಿಕೊಳ್ಳಬೇಕಾದ್ದೂ ಇದೆ. 2025ರ ಡಿಸೆಂಬರ್ 14ರಂದು ಬಾಂಡೈ ಬೀಚಿನಲ್ಲಿ ಯೆಹೂದಿಗಳ ಹಬ್ಬ ಹನುಕ್ಕಾ ಆಚರಿಸುತ್ತಿದ್ದವರ ಮೇಲೆ ಗುಂಡು ಹಾರಿಸಿ 15 ಜನರನ್ನು ಕೊಂದರು. ಅಲ್ಲಿಂದಾಚೆ ಇಲ್ಲಿನ ಯೆಹೂದಿಗಳಿಗೆ ಹಬ್ಬ ಮಾಡುವುದಕ್ಕೂ ಹೆದರಿಕೆ. ಆ ಹೆದರಿಕೆಯ ಮುಂದೆ ನನ್ನ ಮೈಕಿನ ದೂರು ಏನೂ ಅಲ್ಲ. ಸರ್ಕಾರ ಕೂಡಲೇ ಮೆರವಣಿಗೆಯ ಕಾನೂನು ಬಿಗಿ ಮಾಡಿತು. ಹಾರ್ಬರ್ ಬ್ರಿಡ್ಜ್ ಇನ್ನೊಮ್ಮೆ ಸಿಗುತ್ತದೆ ಅಂತ ನಾನು ಪಣ ಕಟ್ಟುವುದಿಲ್ಲ.

ಇನ್ನೊಂದು, ನಾನು ಇಲ್ಲಿನ ಸಿಟಿಜನ್. ಮನೆ ಸಾಲ ಮುಗಿಯುತ್ತ ಬಂದಿದೆ, ಮ್ಯಾನೇಜರ್ ನನಗಿಂತ ಚಿಕ್ಕವನು. ದಾವಣಗೆರೆ ಕಡೆಯ ಒಬ್ಬ ಹುಡುಗ ಸ್ಟೂಡೆಂಟ್ ವೀಸಾದಲ್ಲಿದ್ದಾನೆ, ಪಿಆರ್ ಅಂದರೆ ಖಾಯಂ ವಾಸದ ಅನುಮತಿ ಇನ್ನೂ ಸಿಕ್ಕಿಲ್ಲ, ರಾತ್ರಿ ಪೆಟ್ರೋಲ್ ಬಂಕಿನಲ್ಲಿ ಕೆಲಸ. ಆ ಭಾನುವಾರ ಅವನನ್ನೂ ಕರೆದಿದ್ದೆ. "ಪಿಆರ್ ಬರ್ಲಿ ಸಾರ್, ಆಮೇಲೆ ನೀವ್ ಕರೆದಲ್ಲಿಗೆ ಬರ್ತೀನಿ" ಅಂದ. ಅಮೆರಿಕದಲ್ಲಿ ಅವನಂಥ ವಿದ್ಯಾರ್ಥಿಗಳನ್ನು ಬೀದಿಯಿಂದಲೇ ಎತ್ತಿಕೊಂಡು ಹೋದದ್ದನ್ನು ಅವನೂ ಫೋನಿನಲ್ಲಿ ನೋಡಿದ್ದ. ಅವನಿಗೆ ಇನ್ನೊಂದು ಸಲ ಕರೆ ಮಾಡಲಿಲ್ಲ, ಮಾಡುವುದೂ ಇಲ್ಲ.